ಒಂದೂವರೆ ಪಂದ್ಯದ ಮ್ಯಾನೇಜರ್

ಏಪ್ರಿಲ್ ತಿಂಗಳ ಒಂದು ಶನಿವಾರ, ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ ದೊಡ್ಡ ಮನೆಯೊಂದರ ಊಟದ ಮೇಜಿನ ಮುಂದೆ ನನ್ನನ್ನು ಕೂರಿಸಿ, ನನ್ನ ಯೋಗ್ಯತೆ ಎಷ್ಟು ಎಂದು ಅಳೆದು ಹೇಳಿದರು. ಒಂದೂವರೆ ಪಂದ್ಯ. ಅಂದರೆ ಇಡೀ ಬೇಸಿಗೆಯಲ್ಲಿ ನಮ್ಮ ಬೇಸ್‌ಬಾಲ್ ತಂಡ ಆಡುವ ಪಂದ್ಯಗಳ ಪೈಕಿ, ಮ್ಯಾನೇಜರ್ ಎಂಬ ನಾನು ಇರುವುದರಿಂದ ಹೆಚ್ಚಿಗೆ ಗೆಲ್ಲುವುದು ಒಂದೂವರೆ. ಮಿಕ್ಕದ್ದೆಲ್ಲ ಆಟಗಾರರದು ಮತ್ತು ಆಫೀಸಿನದು.

ಆಫೀಸು ಎಂದರೆ ಗಾಜಿನ ಕಟ್ಟಡವನ್ನೇನೂ ಕಲ್ಪಿಸಿಕೊಳ್ಳಬೇಡಿ. ನಮ್ಮ ಕ್ಲಬ್ಬಿನ ಆಫೀಸು ಎಂದರೆ ಇಬ್ಬರು ಮನುಷ್ಯರು. ಒಬ್ಬರು ಅಧ್ಯಕ್ಷರು, ಮೈಸೂರಿನ ಡಾಕ್ಟರು, ಮೂಳೆ ತಜ್ಞರು. ತರಬೇತಿಗೆಂದು ಎರಡು ವರ್ಷ ಅಮೆರಿಕದಲ್ಲಿದ್ದಾಗ ಈ ಆಟದ ಹುಚ್ಚು ಹತ್ತಿಸಿಕೊಂಡು ಬಂದವರು. ಇನ್ನೊಬ್ಬ ಬೆಂಗಳೂರಿನ ಎಂಜಿನಿಯರ್, ವಯಸ್ಸು ಮೂವತ್ತೈದರ ಆಸುಪಾಸು. ಸ್ಟ್ರಾಟ್‌ಫರ್ಡಿನಲ್ಲಿ ಹದಿನಾಲ್ಕನೆಯ ಅಂತಸ್ತಿನ ಫ್ಲ್ಯಾಟಿನಲ್ಲಿ ಕುಳಿತು ನಮ್ಮ ಪಂದ್ಯಗಳ ವಿಡಿಯೋ ಮತ್ತು ಸ್ಕೋರ್ ಪುಸ್ತಕವನ್ನು ಜರಡಿ ಹಿಡಿಯುವವನು. ಯಾರು ಮೊದಲು ಬ್ಯಾಟ್ ಮಾಡಬೇಕು, ಯಾರು ಎಲ್ಲಿ ನಿಲ್ಲಬೇಕು, ಚೆಂಡೆಸೆಯುವ ಪಿಚರ್ ಎಷ್ಟು ಎಸೆತಕ್ಕೆ ಸಾಕು ಎನ್ನಬೇಕು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಶನಿವಾರ ಸಂಜೆ ಫೋನಿಗೆ ಕಳಿಸುತ್ತಾನೆ, ನಾನು ಅದನ್ನು ಮುದ್ರಿಸಿಕೊಂಡು ಮೈದಾನಕ್ಕೆ ಹೋಗುತ್ತೇನೆ. ಎರಡು ವರ್ಷದಲ್ಲಿ ಒಮ್ಮೆಯೂ ಮೈದಾನಕ್ಕೆ ಬಂದವನಲ್ಲ. ಕ್ರೋಯ್ಡನ್ ದೂರ ಎನ್ನುತ್ತಿದ್ದ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೆಳೆದವನ ಬಾಯಲ್ಲಿ ದೂರ ಎಂಬ ಮಾತು ಕೇಳಿದಾಗಲೆಲ್ಲ ನನಗೆ ನಗು ಬರುತ್ತಿತ್ತು.

ನಾನು ಧಾರವಾಡದವಳು. ಯೂನಿವರ್ಸಿಟಿಗೆ ಸಾಫ್ಟ್‌ಬಾಲ್ ಆಡಿದವಳು, ಆ ಆಟದ ನೆನಪು ಈಗ ಎರಡೂ ಮೊಣಕಾಲಲ್ಲಿ ಉಳಿದಿದೆ. ವಾರವಿಡೀ ಕ್ರೋಯ್ಡನ್ನಿನ ಒಂದು ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತೇನೆ, ಭಾನುವಾರ ತಂಡ ನೋಡಿಕೊಳ್ಳುತ್ತೇನೆ. ಎರಡರಲ್ಲಿ ಯಾವುದು ನಿಜವಾದ ಕೆಲಸ ಎಂದು ನಮ್ಮ ಮನೆಯವರನ್ನು ಕೇಳಿ ನೋಡಿ, ಅವರು ತಕ್ಷಣ ಹೇಳುತ್ತಾರೆ.

"ಅಕ್ಕಾ, ಪರ್ಸನಲ್ ಆಗಿ ತಗೋಬೇಡಿ. ಮೂರು ಸೀಸನ್ ಡೇಟಾ ಹಾಕಿ ನೋಡ್ದೆ, ಅಷ್ಟೇ ಬಂತು," ಎಂದ ಎಂಜಿನಿಯರ್, ಲ್ಯಾಪ್‌ಟಾಪಿನ ಹಿಂದೆ ಅರ್ಧ ಮುಖ ಮುಚ್ಚಿಕೊಂಡು.

"ಒಂದೂವರೀ ಅಂದ್ರ, ಆ ಅರ್ಧಾ ಯಾವುದಪಾ? ಮಳಿ ಬಂದು ನಿಂತದ್ದೇನು?" ಎಂದೆ.

ಡಾಕ್ಟರು ನಕ್ಕರು, ಆಮೇಲೆ ಗಂಭೀರವಾದರು. "ನೋಡಿ ಮೇಡಂ, ಬೇಜಾರು ಮಾಡ್ಕೋಬೇಡಿ. ಹಾಳೆನ ನೇರವಾಗಿ ಕ್ಯಾಪ್ಟನ್‌ಗೇ ಕಳಿಸಿಬಿಟ್ರೆ ಸಾಕಲ್ವಾ ಅಂತ ಒಂದು ಯೋಚನೆ. ನಿಮ್ಮ ಭಾನುವಾರನೂ ಉಳಿಯುತ್ತೆ. ಈ ಸೀಸನ್ ಮುಗೀಲಿ, ನೋಡಿ ತೀರ್ಮಾನ ಮಾಡೋಣ."

ನನ್ನ ಭಾನುವಾರ ಉಳಿಸಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಮೈ ಉರಿಯಿತು. ಆದರೆ ಆ ಮನೆಯ ಫಿಲ್ಟರ್ ಕಾಫಿ ಕುಡಿದು ಅವರ ಮೇಲೇ ರೇಗುವುದು ಚೆನ್ನಾಗಿರುವುದಿಲ್ಲ ಎಂದು ಸುಮ್ಮನಾದೆ. ಕೊನೆಗೆ ಮೂವರೂ ಸೇರಿ ಒಂದು ನಿಯಮ ಮಾಡಿಕೊಂಡೆವು. ಹಾಳೆಯಂತೆ ಆಡಿಸಬೇಕು. ಹಾಳೆ ಬಿಟ್ಟು ಬೇರೆ ಮಾಡಬೇಕೆನಿಸಿದರೆ ಮಾಡಬಹುದು. ಆದರೆ ಮಾಡುವ ಮೊದಲು ಕಾರಣವನ್ನು ಹಾಳೆಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆಯಬೇಕು. ಚೆಂಡು ಬಿದ್ದ ಮೇಲೆ ಹುಟ್ಟುವ ಜಾಣತನಕ್ಕೆ ಜಾಗವಿಲ್ಲ. ಸೀಸನ್ ಮುಗಿದ ಮೇಲೆ ಎಲ್ಲ ಹಾಳೆಗಳನ್ನೂ ತಿರುಗಿಸಿ, ಮ್ಯಾನೇಜರ್ ಬೇಕೋ ಬೇಡವೋ ಎಂದು ನೋಡುವುದು.

ಮೊದಲ ಐದು ಪಂದ್ಯಗಳಲ್ಲಿ ನಾನು ಪೆನ್ಸಿಲ್ ಸವೆಸಿದೆ. ಹಾಳೆ ಮೊದಲ ಬ್ಯಾಟಿಗೆ ಹಾಕಿದ್ದು ನಮ್ಮ ದಪ್ಪ ಪ್ಲಂಬರನನ್ನು. ಆತ ಓಡುವುದನ್ನು ನೋಡಿದರೆ ಗ್ಯಾಸ್ ಸಿಲಿಂಡರ್ ಉರುಳಿದಂತೆ ಕಾಣುತ್ತದೆ. 'ನಿಧಾನ' ಎಂದು ಹಿಂಬದಿಯಲ್ಲಿ ಬರೆದು ಅವನನ್ನು ಏಳನೆಯವನನ್ನಾಗಿ ಇಳಿಸಿದೆ, ಚುರುಕಾದ ಒಬ್ಬನನ್ನು ಮೇಲಕ್ಕೆ ತಂದೆ. ಚುರುಕಾದವನು ಕಂಡಕಂಡ ಚೆಂಡಿಗೆಲ್ಲ ಬ್ಯಾಟ್ ಬೀಸಿ ಔಟಾಗಿ ಬಂದ. ಪ್ಲಂಬರನ ಗುಣ ಬೇರೆ. ಆತ ಕೆಟ್ಟ ಎಸೆತಕ್ಕೆ ಬ್ಯಾಟ್ ಎತ್ತುವುದೇ ಇಲ್ಲ. ಬೇಸ್‌ಬಾಲಿನಲ್ಲಿ ನಾಲ್ಕು ಕೆಟ್ಟ ಎಸೆತ ಬಿದ್ದರೆ ಬ್ಯಾಟ್ ಮಾಡುವವನು ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದು ಹೋಗಬಹುದು, ಓಡುವ ಪ್ರಮೇಯವೇ ಇಲ್ಲ. ಹಾಗೆ ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಇದು ನನಗೆ ಗೊತ್ತಿಲ್ಲದ ವಿಷಯವೇ? ಗೊತ್ತಿತ್ತು. ಆದರೆ ಕಣ್ಣಿಗೆ ಅವನ ಹೊಟ್ಟೆ ಕಾಣುತ್ತಿತ್ತು, ತಾಳ್ಮೆ ಕಾಣುತ್ತಿರಲಿಲ್ಲ. ಐದರಲ್ಲಿ ನಾಲ್ಕು ಸೋತೆವು. ಆರನೆಯ ಪಂದ್ಯದಲ್ಲಿ ಬಾಯಿ ಮುಚ್ಚಿಕೊಂಡು ಪ್ಲಂಬರನನ್ನು ಮೊದಲು ಕಳಿಸಿದೆ. ಮೂರು ಸಲ ಆರಾಮಾಗಿ ನಡೆದು ಮೊದಲ ಬೇಸ್ ಸೇರಿದ, ನಾವು ಗೆದ್ದೆವು.

ಹಾಳೆ ನನಗಿಂತ ಚೆನ್ನಾಗಿ ನೋಡುತ್ತದೆ ಎಂದು ಒಪ್ಪಿಕೊಳ್ಳಲು ಮೂರು ದಿನ ಹಿಡಿಯಿತು. ಒಪ್ಪಿಕೊಂಡದ್ದೂ ಮನಸಾರೆ ಅಲ್ಲ. ಅತ್ತೆ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತ ಪಾತ್ರೆ ಕುಕ್ಕುವ ಸೊಸೆಯ ಹಾಗೆ ಆಡತೊಡಗಿದೆ. ಹಾಳೆ ಹೇಳಿದ್ದೇ ಆಗಲಿ, ಅದು ಎಲ್ಲಿಯವರೆಗೆ ಹೋಗುತ್ತದೋ ಹೋಗಲಿ, ನನ್ನದೇನು? ತಪ್ಪು ಆಗಿದ್ದು ಅಲ್ಲಿಂದಲೇ.

ನಮ್ಮ ಮೈದಾನದ ವಿಷಯ ಹೇಳಬೇಕು. ಅದು ನಮ್ಮೊಬ್ಬರದಲ್ಲ, ಕೌನ್ಸಿಲ್ಲಿನ ಪಾರ್ಕು. ಶನಿವಾರ ಕ್ರಿಕೆಟ್ ಕ್ಲಬ್ಬಿನವರು ಆಡುತ್ತಾರೆ, ಭಾನುವಾರ ನಾವು. ಕ್ರಿಕೆಟ್ಟಿನ ಪಿಚ್ಚು ನಮ್ಮ ಎಡಗಡೆಯ ದೂರದ ಮೈದಾನದಲ್ಲಿ, ಮಧ್ಯಕ್ಕೆ ಸ್ವಲ್ಪ ವಾಲಿದಂತೆ ಬರುತ್ತದೆ. ಅವರ ಮಾಲಿ ಶನಿವಾರದ ಆಟ ಮುಗಿದ ಮೇಲೆ ಪಿಚ್ಚಿನ ಸುತ್ತ ಬಿಳಿಯ ಹಗ್ಗ ಹಾಸಿ, ಕಬ್ಬಿಣದ ಮೊಳೆ ಹೊಡೆದು ಹೋಗುತ್ತಾನೆ. ಅದರೊಳಗೆ ಯಾರೂ ಕಾಲಿಡುವಂತಿಲ್ಲ. ಆದ್ದರಿಂದ ಪ್ರತಿ ಪಂದ್ಯಕ್ಕೆ ಮುಂಚೆ ಅಂಪೈರಿಗೆ ಒಂದು ಮಾತು ಹೇಳುವುದು ನಮ್ಮಲ್ಲಿ ಪದ್ಧತಿ. ಚೆಂಡು ಉರುಳಿ ಹಗ್ಗದೊಳಗೆ ಹೋದರೆ ಆಟ ಅಲ್ಲಿಗೇ ನಿಂತಿತು, ಹೊಡೆದವನಿಗೆ ಎರಡು ಬೇಸ್, ಮೊದಲೇ ಬೇಸಿನ ಮೇಲಿದ್ದವನಿಗೂ ಎರಡು.

ಎಡಗಡೆಗೆ ನಿಲ್ಲುತ್ತಿದ್ದವರು ಒಬ್ಬ ಜಪಾನಿ ಶೆಫ್. ಐವತ್ತು ದಾಟಿದವರು, ಮಾತು ಕಡಿಮೆ. ನಾಲ್ಕು ವರ್ಷದಿಂದ ಹಗ್ಗದ ಈಚೆಗೆ ನಿಂತು, ಚೆಂಡು ಹಗ್ಗ ಮುಟ್ಟುವ ಮೊದಲೇ ತಡೆಯುತ್ತಿದ್ದರು, ಅಪರೂಪಕ್ಕೆ ಒಂದೆರಡು ತಪ್ಪಿಸಿಕೊಂಡು ಒಳಗೆ ಹೋಗುತ್ತಿದ್ದವು. ಜೂನ್ ತಿಂಗಳಲ್ಲಿ ಹಾಳೆಯ ನಕ್ಷೆಯಲ್ಲಿ ಅವರ ಚುಕ್ಕೆ ಹಿಂದಕ್ಕೆ ಸರಿಯಿತು. ಮುಂದಿನ ವಾರ ಇನ್ನೂ ಹಿಂದಕ್ಕೆ. ಮೂರನೆಯ ವಾರ ಚುಕ್ಕೆ ಪಿಚ್ಚನ್ನೇ ದಾಟಿ ಆಚೆ ಕುಳಿತಿತ್ತು. ಅಲ್ಲಿ ನಿಂತವರಿಗೆ ಚೆಂಡು ಸಿಗುವುದೆಲ್ಲಿಂದ? ಅವರನ್ನು ತಲುಪುವ ಮೊದಲೇ ಹಗ್ಗದೊಳಗೆ ಬೀಳುತ್ತಿತ್ತು. ವಾರಕ್ಕೆ ನಾಲ್ಕೈದು ಸಲ ಎದುರಾಳಿಗಳು ಎರಡೆರಡು ಬೇಸ್ ತೆಗೆದುಕೊಂಡರು. ಇದರಲ್ಲಿ ಏನೋ ಆಳವಾದ ಲೆಕ್ಕಾಚಾರ ಇರಬೇಕು, ನನಗೆ ತಿಳಿಯದ್ದು, ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಾಳೆ ಎಡವುತ್ತಿದೆಯೆಂದು ಒಳಗೊಳಗೇ ಖುಷಿಯೂ ಆಗುತ್ತಿತ್ತು. ಜುಲೈ ಮೊದಲ ವಾರ ಹಾಳೆ ಶೆಫ್ ಅವರನ್ನು ತಂಡದಿಂದಲೇ ಕೈಬಿಟ್ಟಿತು. ಪಕ್ಕದಲ್ಲಿ ಎಂಜಿನಿಯರನ ಟಿಪ್ಪಣಿ: ಓಟ ಸಾಲದು.

ಅವರು ಬೆಂಚಿನ ಮೇಲೆ ಕುಳಿತು ಎರಡು ಪಂದ್ಯ ನೋಡಿದರು. ಆಟ ಮುಗಿದ ಮೇಲೆ ಎಂದಿನಂತೆ ಚೆಂಡುಗಳನ್ನು ಒರೆಸಿ ಚೀಲಕ್ಕೆ ತುಂಬಿದರು. ಎರಡನೆಯ ಭಾನುವಾರ ತಂಡಕ್ಕೆಲ್ಲ ಅನ್ನದ ಉಂಡೆ ಮಾಡಿಕೊಂಡು ಬಂದಿದ್ದರು. ಎಲ್ಲರಿಗೂ ಹಂಚಿ, ನನ್ನ ಹತ್ತಿರ ಬಂದು, ಮುಂದಿನ ವಾರದಿಂದ ಬರಲಾಗುವುದಿಲ್ಲ, ಭಾನುವಾರ ರೆಸ್ಟೋರೆಂಟಿನಲ್ಲಿ ಕೆಲಸ ಹೆಚ್ಚು ಎಂದರು. ಅವರ ರೆಸ್ಟೋರೆಂಟಿಗೆ ಭಾನುವಾರ ರಜೆ ಎಂಬುದು ಇಡೀ ತಂಡಕ್ಕೆ ಗೊತ್ತು.

ಆ ಅನ್ನದ ಉಂಡೆಯನ್ನು ತಿನ್ನದೆ ಚೀಲಕ್ಕೆ ಹಾಕಿಕೊಂಡೆ. ಮನೆಗೆ ಬಂದವಳೇ ಸ್ಕೋರ್ ಪುಸ್ತಕ ತೆಗೆದು ಕುಳಿತೆ. ಎಂಜಿನಿಯರನ ತಪ್ಪನ್ನು ಸಾಕ್ಷಿ ಸಮೇತ ಹಿಡಿದು ಮುಖಕ್ಕೆ ಹಿಡಿಯಬೇಕೆಂಬ ಹಟ. ನಾಲ್ಕು ವರ್ಷದಿಂದ ಆ ಪುಸ್ತಕ ಬರೆಯುವವಳು ನಾನೇ. ಪುಟ ತಿರುಗಿಸುತ್ತ ಹೋದೆ. ಹಗ್ಗದೊಳಗೆ ಹೋದ ಒಂದೊಂದು ಚೆಂಡಿಗೂ ನಾನು ಬರೆದದ್ದು ಒಂದೇ: ಎಡಗಡೆ, ಎರಡು ಬೇಸ್. ಹಗ್ಗ ಎಂಬ ಮಾತು ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲ. ಯಾಕೆ ಬರೆಯಬೇಕು? ಎಲ್ಲರಿಗೂ ಗೊತ್ತಿರುವುದಲ್ಲವೇ!

ಎಲ್ಲರಿಗೂ ಎಂದರೆ, ಮೈದಾನಕ್ಕೆ ಬಂದವರೆಲ್ಲರಿಗೂ. ಹದಿನಾಲ್ಕನೆಯ ಅಂತಸ್ತಿನಲ್ಲಿ ಕುಳಿತವನಿಗೆ ಕಂಡದ್ದು, ಎಡಗಡೆಗೆ ಬಿದ್ದ ಚೆಂಡೆಲ್ಲ ಎರಡು ಬೇಸ್ ಆಗುತ್ತಿದೆ ಎಂಬುದಷ್ಟೇ. ಅಂದರೆ ಎದುರಾಳಿಗಳು ದೂರ ಹೊಡೆಯುತ್ತಿದ್ದಾರೆ, ಇವರು ಹಿಂದೆ ನಿಲ್ಲಬೇಕು. ಹಿಂದೆ ನಿಂತಷ್ಟೂ ಚೆಂಡು ಹಗ್ಗದೊಳಗೆ ಹೋಯಿತು, ಹೋದಷ್ಟೂ ಅವನು ಹಿಂದಕ್ಕೆ ದೂಡಿದ. ಕೊನೆಗೆ, ಈ ಮನುಷ್ಯನಿಗೆ ಓಟ ಸಾಲದು ಎಂದು ಬರೆದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ನಾಲ್ಕು ವರ್ಷದ ಆಟಗಾರನನ್ನು ತಂಡದಿಂದ ಓಡಿಸಿದ್ದು ನನ್ನ ದುಂಡು ಅಕ್ಷರ. ನಾಚಿಕೆಯಾಯಿತು. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಆಗ ಇನ್ನೊಂದು ಯೋಚನೆ ಬಂತು. ಅದನ್ನೂ ಮುಚ್ಚಿಡುವುದಿಲ್ಲ. ಈ ವಿಷಯ ನನಗೊಬ್ಬಳಿಗೇ ಗೊತ್ತು. ಸುಮ್ಮನಿದ್ದು, ಮುಂದಿನ ಭಾನುವಾರ ಹಾಳೆಯ ಹಿಂಬದಿಯಲ್ಲಿ 'ಹಗ್ಗ' ಎಂದು ಬರೆದು, ಶೆಫ್ ಅವರನ್ನು ಕರೆತಂದು ಹಗ್ಗದ ಈಚೆ ನಿಲ್ಲಿಸಿದರೆ? ಆಮೇಲೆ ಪ್ರತಿ ವಾರವೂ ಹಾಳೆ ತಪ್ಪು ಹೇಳುತ್ತದೆ, ಪ್ರತಿ ವಾರವೂ ನಾನು ಸರಿ ಮಾಡುತ್ತೇನೆ. ಅಕ್ಟೋಬರಿನಲ್ಲಿ ಹಾಳೆಗಳನ್ನು ತಿರುಗಿಸಿದಾಗ ನನ್ನ ಒಂದೂವರೆ ಮೂರಾಗಿರುತ್ತದೆ, ನಾಲ್ಕೂ ಆದೀತು. ಮ್ಯಾನೇಜರ್ ಬೇಡ ಎನ್ನುವ ಬಾಯಿ ಮುಚ್ಚುತ್ತದೆ. ನಿಯಮ ಮುರಿದಂತೆಯೂ ಆಗುವುದಿಲ್ಲ.

ಅರ್ಧ ಗಂಟೆ ಆ ಯೋಚನೆಯ ಜೊತೆ ಕುಳಿತಿದ್ದೆ. ಬಿಟ್ಟುಬಿಡಲು ಮನಸ್ಸೇ ಬರಲಿಲ್ಲ. ಕೊನೆಗೆ ಕಣ್ಣ ಮುಂದೆ ಬಂದದ್ದು ಶೆಫ್ ಅವರು ಚೆಂಡು ಒರೆಸುತ್ತಿದ್ದ ಕೈ. ತಮ್ಮನ್ನು ಆಡಲು ಬಿಡದ ತಂಡದ ಚೆಂಡನ್ನು ಅವರು ಅಷ್ಟು ಜೋಪಾನವಾಗಿ ಒರೆಸುತ್ತಿದ್ದಾಗ, ನಾನು ನನ್ನ ಅಂಕಿಯನ್ನು ಒಂದೂವರೆಯಿಂದ ಮೂರಕ್ಕೆ ಏರಿಸುವ ಯೋಚನೆ ಮಾಡುತ್ತಿದ್ದೆ. ಫೋನ್ ತೆಗೆದುಕೊಂಡೆ.

"ತಮ್ಮಾ, ಶನಿವಾರ ಗ್ರೌಂಡಿಗೆ ಬಾ."

"ಶನಿವಾರಾನಾ? ಅಕ್ಕಾ, ವಿಡಿಯೋ ಕಾಲ್ ಮಾಡಿದ್ರೆ ಆಗಲ್ವಾ?"

"ಆಗೂದಿಲ್ಲ. ಹಳೀ ಬೂಟು ಹಾಕ್ಕೊಂಡು ಬಾ."

ಹೊಸ ಬಿಳಿ ಬೂಟು ಹಾಕಿಕೊಂಡೇ ಬಂದ. ಸ್ಟ್ರಾಟ್‌ಫರ್ಡಿನಿಂದ ಲಂಡನ್ ಬ್ರಿಡ್ಜಿಗೆ, ಅಲ್ಲಿಂದ ರೈಲು ಬದಲಿಸಿ ಕ್ರೋಯ್ಡನ್ನಿಗೆ, ಮತ್ತೆ ಟ್ರಾಮು. ಅಂದು ಕ್ರಿಕೆಟ್ಟು ಬೇಗ ಮುಗಿದಿತ್ತು, ಮಾಲಿ ಆಗಷ್ಟೇ ಹಗ್ಗ ಕಟ್ಟಿದ್ದ. ನಾನು ಏನೂ ವಿವರಿಸಲಿಲ್ಲ. ಜೂನ್ ತಿಂಗಳ ಕೊನೆಯ ಹಾಳೆಯನ್ನು ಅವನ ಕೈಗೆ ಕೊಟ್ಟು, ಶೆಫ್ ಅವರ ಚುಕ್ಕೆ ಎಲ್ಲಿದೆಯೋ ಅಲ್ಲಿಗೆ ಹೋಗಿ ನಿಲ್ಲು ಎಂದೆ. ನಾನು ಬ್ಯಾಟ್ ಹಿಡಿದು, ಮೊಣಕಾಲನ್ನು ಬೈದುಕೊಳ್ಳುತ್ತ, ಅವನ ಕಡೆಗೆ ಚೆಂಡು ಹೊಡೆಯತೊಡಗಿದೆ. ಮೊದಲನೆಯದು ಹುಲ್ಲಿನ ಮೇಲೆ ಜಿಗಿಜಿಗಿದು ಹಗ್ಗದೊಳಗೆ ಹೋಗಿ ನಿಂತಿತು. ಅವನು ಓಡಿಬಂದು ಹಗ್ಗ ದಾಟಿ ಒಳಗೆ ಕಾಲಿಟ್ಟ. ಕ್ರಿಕೆಟ್ ಪೆವಿಲಿಯನ್ನಿನ ಕಡೆಯಿಂದ ಮಾಲಿ ಹಾಕಿದ ಕೂಗಿಗೆ ಅವನ ಜೊತೆ ನಾನೂ ಬೆಚ್ಚಿಬಿದ್ದೆ.

ಆರೇಳು ಚೆಂಡು ಹೊಡೆದಿರಬೇಕು. ಆಮೇಲೆ ಅವನು ಓಡಲಿಲ್ಲ. ಹಗ್ಗದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಬೆರಳಲ್ಲಿ ಹಗ್ಗ ಮುಟ್ಟಿ ನೋಡುತ್ತಿದ್ದ.

"ಅಕ್ಕಾ, ಇದು ವಿಡಿಯೋದಲ್ಲಿ ಕಾಣೋದೇ ಇಲ್ವಲ್ಲ!"

"ಕಾಣೂದಿಲ್ಲ. ಪುಸ್ತಕದಾಗೂ ಇಲ್ಲ. ನಾ ಬರೀಲಿಲ್ಲ, ನೀ ಬರಲಿಲ್ಲ."

ಅವನು ಎದ್ದು ನಿಂತ. ಬೂಟೆಲ್ಲ ಕೆಸರಾಗಿತ್ತು. "ಆ ಅಂಕಲ್‌ಗೆ ಓಟ ಸಾಲದು ಅಂತ ಬರ್ದುಬಿಟ್ಟೆ," ಎಂದ. ಆಮೇಲೆ ಕೇಳಿದ: "ನೀವು ಇದನ್ನ ನಂಗೆ ಹೇಳ್ದೆ ಹಾಳೆ ಹಿಂದೆ ಬರ್ದಿದ್ರೆ ನಿಮ್ ಲೆಕ್ಕಕ್ಕೆ ಸೇರ್ತಿತ್ತು. ಗೊತ್ತಾ?"

"ಗೊತ್ತದ."

"ಮತ್ತೆ?"

"ಮತ್ತೇನಪಾ? ಅಲ್ಲಿ ಮ್ಯಾಲ ಪೆವಿಲಿಯನ್ನಿನ್ಯಾಗ ಚಹಾ ಸಿಗತದ, ನಡಿ."

ಮರುದಿನವೇ ಶೆಫ್ ಅವರ ರೆಸ್ಟೋರೆಂಟಿನ ಬಾಗಿಲು ತಟ್ಟಿದೆ. ಭಾನುವಾರ, ರಜೆ, ಅವರು ಒಬ್ಬರೇ ಚಾಕು ಮಸೆಯುತ್ತಿದ್ದರು. ಸ್ಕೋರ್ ಪುಸ್ತಕ ತೆರೆದು ನನ್ನ ಅಕ್ಷರ ತೋರಿಸಿ, ತಪ್ಪು ನನ್ನದು, ಕ್ಷಮಿಸಿ ಎಂದೆ. ಅವರು ಪುಟವನ್ನು ನಿಧಾನವಾಗಿ ನೋಡಿ, ಪಂದ್ಯ ಎಷ್ಟು ಗಂಟೆಗೆ ಎಂದು ಮಾತ್ರ ಕೇಳಿದರು. ನನ್ನ ಕಾರಿನಲ್ಲೇ ಇಬ್ಬರೂ ಮೈದಾನಕ್ಕೆ ಹೋದೆವು.

ಹೊಸ ಹಾಳೆಯಲ್ಲಿ ಎಂಜಿನಿಯರ್ ಹಗ್ಗವನ್ನು ಕೆಂಪು ಗೆರೆಯಲ್ಲಿ ಬರೆದಿದ್ದ. ಶೆಫ್ ಅವರ ಚುಕ್ಕೆ ಗೆರೆಯಿಂದ ಎರಡು ಹೆಜ್ಜೆ ಈಚೆಗಿತ್ತು. ಅಲ್ಲಿಂದ ಮುಂದೆ ಹಾಳೆ ತಪ್ಪುವುದು ಬಲು ಕಡಿಮೆಯಾಯಿತು. ಹಾಗಾಗಿ ನನ್ನ ಪೆನ್ಸಿಲ್ಲಿಗೂ ಕೆಲಸ ಕಡಿಮೆಯಾಯಿತು. ಗೆಲ್ಲುತ್ತ ಬಂದೆವು. ಆಗಸ್ಟಿನಲ್ಲಿ ಒಂದು ಪಂದ್ಯ ಮಳೆಗೆ ನಿಂತು ಹೋಯಿತು, ಮತ್ತೆ ಆಡಲು ದಿನ ಸಿಗಲಿಲ್ಲ. ಆದರೂ ಮೊದಲು ಸೋತ ಸೋಲುಗಳ ಭಾರ ಇಳಿದಿರಲಿಲ್ಲ. ಸೆಪ್ಟೆಂಬರಿನ ಕೊನೆಯ ಪಂದ್ಯ ಗೆದ್ದರೆ ಇದೇ ದರ್ಜೆಯಲ್ಲಿ ಉಳಿಯುತ್ತೇವೆ, ಸೋತರೆ ಕೆಳಗಿನ ದರ್ಜೆಗೆ ಇಳಿಯುತ್ತೇವೆ ಎನ್ನುವಲ್ಲಿಗೆ ಬಂದು ನಿಂತೆವು. ಇಳಿದರೆ ಮ್ಯಾನೇಜರ್ ವಿಷಯದಲ್ಲಿ ಯೋಚಿಸಲು ಯಾರಿಗೂ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಆ ದಿನ ಎಂಜಿನಿಯರ್ ನನ್ನ ಪಕ್ಕ ಬೆಂಚಿನ ಮೇಲೆ ಕುಳಿತಿದ್ದ, ಹಳೇ ಬೂಟಿನಲ್ಲಿ. ನಮ್ಮ ಪಿಚರ್ ಕ್ರೋಯ್ಡನ್ನಿನಲ್ಲಿ ಟ್ರಾಮ್ ಓಡಿಸುವವನು, ಆರೂಕಾಲು ಅಡಿ ಎತ್ತರ, ತಂಡದ ಕ್ಯಾಪ್ಟನ್ ಕೂಡ ಅವನೇ. ಹಾಳೆ ಅವನಿಗೆ ಬರೆದದ್ದು ಎಂಬತ್ತು ಎಸೆತ. ಅದಾದ ಮೇಲೆ ನಮ್ಮ ಎರಡನೆಯ ಪಿಚರ್ ಬರಬೇಕು. ಅವಳು ನರ್ಸ್, ಎಸೆತ ನಿಧಾನ, ಆದರೆ ಚೆಂಡು ಕೊನೆಯಲ್ಲಿ ತಿರುಗುತ್ತದೆ. ಬೇಸ್‌ಬಾಲಿನಲ್ಲಿ ಒಮ್ಮೆ ಹೊರಗೆ ಬಂದವರು ಆ ಪಂದ್ಯದಲ್ಲಿ ಮತ್ತೆ ಒಳಗೆ ಹೋಗುವಂತಿಲ್ಲ. ಆದ್ದರಿಂದ ಪಿಚರನನ್ನು ಬದಲಿಸುವುದು ಹುಡುಗಾಟವಲ್ಲ. ಮ್ಯಾನೇಜರ್ ತಾನೇ ಎದ್ದು, ಎಲ್ಲರ ಕಣ್ಣೆದುರು ಮೈದಾನದ ನಡುವಿನ ದಿಬ್ಬದವರೆಗೆ ನಡೆದು ಹೋಗಿ, ಕೈಚಾಚಿ ಚೆಂಡು ಕೇಳಬೇಕು.

ಏಳನೆಯದು, ಕೊನೆಯ ಇನ್ನಿಂಗ್ಸು. ಐದಕ್ಕೆ ನಾಲ್ಕು, ನಾವು ಒಂದು ರನ್ ಮುಂದೆ. ಎದುರಾಳಿಗಳಲ್ಲಿ ಒಬ್ಬ ಔಟಾಗಿದ್ದ, ಒಬ್ಬ ಎರಡನೆಯ ಬೇಸಿನ ಮೇಲೆ ನಿಂತಿದ್ದ. ಇನ್ನಿಬ್ಬರು ಔಟಾದರೆ ಮುಗಿಯಿತು. ನನ್ನ ಕೈಯಲ್ಲಿದ್ದ ಎಣಿಕೆಯ ಗುಂಡಿ ಎಂಬತ್ತು ತೋರಿಸಿತು.

ನನಗೆ ಅವನನ್ನು ತೆಗೆಯುವ ಮನಸ್ಸಿರಲಿಲ್ಲ. ಇಡೀ ಬೇಸಿಗೆ ತಂಡವನ್ನು ಹೊತ್ತವನು. ಬೆಳಗಿನ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಓಡಿಬಂದವನು. ಹಾಳೆ ತಿರುಗಿಸಿ ಪೆನ್ಸಿಲ್ ಊರಿದೆ, ಕಾರಣ ಬರೆಯಲು. ಏನು ಬರೆಯಲಿ? 'ಅವನಿಗೆ ಆಸೆ ಇದೆ.' ಅದು ಅವನ ಕಾರಣ. 'ನನಗೆ ಕಷ್ಟವಾಗುತ್ತದೆ.' ಅದು ನನ್ನ ಕಾರಣ. ಆಟದ ಕಾರಣ ಒಂದೂ ಹೊಳೆಯಲಿಲ್ಲ. ಕಳೆದ ಮೂರು ಎಸೆತಗಳಲ್ಲಿ ಅವನ ಮೊಣಕೈ ದಣಿದು ಕೆಳಗೆ ಬಂದಿದ್ದನ್ನು ನಾನೇ ನೋಡಿದ್ದೆ. ಪಕ್ಕದಲ್ಲಿದ್ದವನು ನನ್ನ ಮುಖ ನೋಡದೆ ತನ್ನ ಬೂಟು ನೋಡುತ್ತಿದ್ದ. ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಎದ್ದೆ.

ನಾನು ಬರುವುದನ್ನು ಕಂಡು ಅವನು ಚೆಂಡನ್ನು ಬೆನ್ನ ಹಿಂದೆ ಹಿಡಿದುಕೊಂಡ. ಆರೂಕಾಲು ಅಡಿಯ ಮನುಷ್ಯ, ನನ್ನ ಶಾಲೆಯ ಆರನೆಯ ಕ್ಲಾಸಿನ ಮಗುವಿನ ಹಾಗೆ.

"ಇನ್ನಿಬ್ಬರೇ ತಾನೆ. ನಾನೇ ಮುಗಿಸುತ್ತೇನೆ," ಎಂದ ಇಂಗ್ಲಿಷಿನಲ್ಲಿ.

"ಮುಗಿಸಬಲ್ಲೆ ಎಂದು ಗೊತ್ತು."

"ಮತ್ತೆ ಯಾಕೆ ಬಂದಿರಿ? ಆ ಕಾಗದ ಹೇಳಿತೇ?"

ಹೌದು ಎಂದಿದ್ದರೆ ಅವನು ಕೊಡುತ್ತಿರಲಿಲ್ಲ. ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ನಾನು ಕೈಚಾಚಲಿಲ್ಲ. "ನಿನ್ನ ಪಾಳಿ ದಾರಿಯ ನಡುವೆ ಮುಗಿದರೆ, ಜನ ತುಂಬಿದ ಟ್ರಾಮನ್ನು ಇನ್ನೊಬ್ಬರ ಕೈಗೆ ಕೊಟ್ಟು ಇಳಿಯುತ್ತೀಯಲ್ಲ, ಆಗ ಏನು ಮಾಡುತ್ತೀ?" ಎಂದು ಕೇಳಿದೆ.

ಅವನು ಹುಬ್ಬು ಗಂಟಿಕ್ಕಿದ. "ಬ್ರೇಕು ಹೇಗಿದೆ, ಹಳಿ ಎಲ್ಲಿ ಜಾರುತ್ತದೆ ಎಂದು ಬರುವವರಿಗೆ ಹೇಳಿ ಇಳಿಯುತ್ತೇನೆ."

"ಹಾಗಾದರೆ ಅವಳು ಬರುತ್ತಿದ್ದಾಳೆ. ಹೇಳಿ ಇಳಿ."

ಪದ್ಧತಿಯ ಪ್ರಕಾರ ಅವನು ಚೆಂಡನ್ನು ನನ್ನ ಕೈಗೆ ಕೊಟ್ಟು, ತಲೆ ತಗ್ಗಿಸಿ ಹೊರಗೆ ನಡೆಯಬೇಕು. ನಡೆಯಲಿಲ್ಲ. ನರ್ಸ್ ದಿಬ್ಬ ಹತ್ತುವವರೆಗೆ ಕಾದ. ಬಾಗಿ ಅವಳ ಕಿವಿಯಲ್ಲಿ, ಈಗ ಬರುವವನಿಗೆ ಕೆಳಗಿನ ಚೆಂಡು ಕಾಣುವುದಿಲ್ಲ, ಅದರ ನಂತರದವನಿಗೆ ಅವಸರ ಹೆಚ್ಚು ಎಂದೆಲ್ಲ ಹೇಳಿ, ಚೆಂಡನ್ನು ತನ್ನ ಅಂಗಿಗೆ ಒರೆಸಿ ತಾನೇ ಅವಳ ಅಂಗೈಗೆ ಇಟ್ಟ. ತಲೆಯೆತ್ತಿಕೊಂಡು ಬೆಂಚಿಗೆ ಬಂದ. ನಾನು ಖಾಲಿ ಕೈಯಲ್ಲಿ ಅವನ ಹಿಂದೆ ಬಂದೆ. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆಯಿಂದ ಖಾಲಿ ಕೈ ಬೀಸಿಕೊಂಡು ನಡೆದದ್ದಿಲ್ಲ.

ಕೆಳಗಿನ ಚೆಂಡು ಕಾಣದವನು ಕೆಳಗಿನ ಚೆಂಡಿಗೇ ಔಟಾದ. ಅವಸರದವನು ಮಾತ್ರ ಹೊಡೆದ. ಚೆಂಡು ಎಡಗಡೆಗೆ, ನೇರ ಹಗ್ಗದ ದಾರಿ ಹಿಡಿಯಿತು. ಒಳಗೆ ಹೋದರೆ ಎರಡನೆಯ ಬೇಸಿನವನಿಗೆ ರನ್ ಬರೆದಿಟ್ಟದ್ದೇ, ಪಂದ್ಯ ಸಮ. ಎಂಜಿನಿಯರ್ ನನ್ನ ತೋಳು ಹಿಡಿದುಕೊಂಡ. ಶೆಫ್ ಅವರು ಎರಡು ಹೆಜ್ಜೆ ಹಾಕಿ, ಮೊಣಕಾಲೂರಿ, ಹಗ್ಗಕ್ಕೆ ಒಂದು ಗೇಣು ಇರುವಾಗ ಚೆಂಡನ್ನು ಬಾಚಿದರು. ಎದ್ದವರೇ ಎಸೆದರು. ಹೋಮ್ ಎಂಬ ಕೊನೆಯ ಬೇಸಿಗೆ ಚೆಂಡು ಮೊದಲು ಬಂತು, ಓಡುವವನು ಆಮೇಲೆ ಬಂದ. ಅಂಪೈರ್ ಔಟ್ ಎಂದು ಕೈ ಎತ್ತಿದ. ನನಗೆ ಅಳು ಬಂತು, ಅತ್ತೆ. ಮುಚ್ಚಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಅಕ್ಟೋಬರಿನಲ್ಲಿ ಮತ್ತೆ ಸ್ಟ್ಯಾನ್ಮೋರ್, ಅದೇ ಮೇಜು. ಹಾಳೆಗಳನ್ನೆಲ್ಲ ಮಗುಚಿ ಹರಡಿದರು. ನಾನು ಹಾಳೆ ಬಿಟ್ಟು ಆಡಿಸಿದ ಕಡೆಗಳು, ಬರೆದ ಕಾರಣಗಳು, ಆದ ಫಲ, ಎಲ್ಲವನ್ನೂ ಎಂಜಿನಿಯರ್ ಒಂದೊಂದಾಗಿ ಓದಿ ಲ್ಯಾಪ್‌ಟಾಪಿಗೆ ಹಾಕಿದ. ಅರ್ಧ ಗಂಟೆಯಾದ ಮೇಲೆ ತಲೆಯೆತ್ತಿದ. ಈ ಸಲ ಮುಖ ಮುಚ್ಚಿಕೊಳ್ಳಲಿಲ್ಲ.

"ಅಕ್ಕಾ, ಇಳಿದಿದೆ. ಅರ್ಧ ಪಂದ್ಯ."

"ಮೊದಲಿನ ಐದು ಮ್ಯಾಚಿನ್ಯಾಗ ನಾ ಮಾಡಿದ ಪರಾಕ್ರಮಾ ನೋಡಿದ್ರ, ಅರ್ಧಾ ಉಳದದ್ದ ಹೆಚ್ಚು," ಎಂದೆ. ನಗುತ್ತಲೇ ಹೇಳಿದೆ.

"ಹಗ್ಗದ ವಿಷಯ ಇದರಲ್ಲಿ ಎಲ್ಲಿ ಬಂತು?" ಎಂದು ಡಾಕ್ಟರು ಕೇಳಿದರು. ಅವನು ಅದನ್ನು ಅವರಿಗೆ ಮೊದಲೇ ಹೇಳಿದ್ದನೆಂದು ನನಗೆ ಆಗ ತಿಳಿಯಿತು.

"ಎಲ್ಲೂ ಬರಲ್ಲ ಸರ್. ಅವ್ರು ಅದನ್ನ ಹಾಳೆ ಹಿಂದೆ ಬರೀಲಿಲ್ಲ, ನಂಗೆ ಹೇಳಿ ಹಾಳೆ ಮುಂಭಾಗಕ್ಕೇ ಹಾಕ್ಸಿದ್ರು. ಅಲ್ಲಿಂದ ಅದು ನನ್ನ ಲೆಕ್ಕ ಆಗೋಯ್ತು." ಅವನು ಲ್ಯಾಪ್‌ಟಾಪ್ ಮುಚ್ಚಿದ. "ಇನ್ನೊಂದು ವಿಷಯ ಸರ್. ಮುಂದಿನ ವರ್ಷ ಹಾಳೆನ ಕ್ಯಾಪ್ಟನ್‌ಗೆ ಕಳಿಸೋಣ ಅಂದ್ರಲ್ಲ, ಕ್ಯಾಪ್ಟನ್ನೇ ಪಿಚರ್ರು. ಅವ್ನ ಕೈಯಿಂದ ಅವ್ನೇ ಹೇಗೆ ಬಾಲ್ ಇಸ್ಕೋತಾನೆ? ನಾನು ಎಂಬತ್ತು ಅಂತ ಬರೀಬಹುದು. ಅಲ್ಲಿಗೆ ನಡ್ಕೊಂಡು ಹೋಗೋದು ನಂಗಾಗಲ್ಲ. ಅವತ್ತು ಪಕ್ಕದಲ್ಲಿ ಕೂತೇ ಅವ್ರ ಮುಖ ನೋಡೋಕಾಗ್ದೆ ನನ್ನ ಬೂಟು ನೋಡ್ತಿದ್ದೆ."

ಡಾಕ್ಟರು ಎದ್ದು ಹೋಗಿ, ಗೋಡೆಗೆ ಅಂಟಿಸಿದ್ದ ಲೀಗಿನ ಕೊನೆಯ ಪಟ್ಟಿಯನ್ನು ಕಿತ್ತು ತಂದು ಮೇಜಿನ ಮೇಲಿಟ್ಟರು. ನಮ್ಮ ಕೆಳಗಿನವರು ಇಳಿದು ಹೋಗಿದ್ದರು. ಗೆಲುವು ಇಬ್ಬರದೂ ಸಮ, ಆ ಮಳೆಯ ಪಂದ್ಯ ನಡೆಯದೇ ಉಳಿದದ್ದರಿಂದ ನಮಗೆ ಒಂದು ಸೋಲು ಕಡಿಮೆ. ಗೆಲುವೊಂದಕ್ಕೆ ಅರ್ಧ, ಸೋಲೊಂದಕ್ಕೆ ಅರ್ಧ ಎಂದು ಅಂತರ ಹಿಡಿಯುವುದು ಈ ಆಟದ ಪದ್ಧತಿ. ಡಾಕ್ಟರು ಆ ಅಂಕಿಯ ಮೇಲೆ ಬೆರಳಿಟ್ಟರು. ಅರ್ಧ ಪಂದ್ಯ.

"ಏಪ್ರಿಲ್‌ನಲ್ಲಿ ಯಾವಾಗ ಶುರು ಮಾಡ್ತೀರಿ ಮೇಡಂ?" ಎಂದರು.

ಸ್ಟ್ಯಾನ್ಮೋರ್ ಟ್ಯೂಬ್ ರೈಲಿನ ಕೊನೆಯ ನಿಲ್ದಾಣ, ರೈಲು ಹೊರಡುವವರೆಗೆ ಡಬ್ಬಿ ಖಾಲಿ ಇರುತ್ತದೆ. ಕಿಟಕಿಯ ಪಕ್ಕ ಕುಳಿತು, ಡಾಕ್ಟರಿಂದ ಕೇಳಿ ತಂದಿದ್ದ ಒಂದು ಹಾಳೆಯನ್ನು ಚೀಲದಿಂದ ತೆಗೆದೆ. ಸೆಪ್ಟೆಂಬರಿನ ಕೊನೆಯ ಪಂದ್ಯದ್ದು. ಹಿಂಬದಿಯಲ್ಲಿ ಒಂದಕ್ಷರವೂ ಇರಲಿಲ್ಲ, ಪೆನ್ಸಿಲ್ ಊರಿ ಎತ್ತಿದ ಕಡೆ ಒಂದು ಚುಕ್ಕೆ ಮಾತ್ರ. ನಾನು ಆಡಿಸಿದ ಪಂದ್ಯಗಳಲ್ಲೆಲ್ಲ ಒಳ್ಳೆಯದು ಅದೇ. ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡೆ.